ಎರಡು ಬಾಗಿಲಿನ ಡೇರೆ

ಲಾಕ್‌ಡೌನ್ ಕಾಲದಲ್ಲಿ ಕೇಕು ಮಾಡಲೆಂದು ಹೆಂಡತಿ ತರಿಸಿದ್ದ ಡಿಜಿಟಲ್ ತಕ್ಕಡಿ ಈಗ ಅಡುಗೆಮನೆಯಲ್ಲಿಲ್ಲ, ನನ್ನ ಕಪಾಟಿನಲ್ಲಿದೆ. ಅದು ಮೈದಾಹಿಟ್ಟಿನ ಮುಖ ನೋಡಿ ವರ್ಷಗಳಾದವು. ಈಗ ಅದರ ಮೇಲೆ ಹತ್ತಿ ಇಳಿಯುವುದು ಕಾಲುಚೀಲ, ಟಾರ್ಚು, ಚಮಚ, ಡೇರೆಯ ಗೂಟ. ಒಂದು ಗೂಟ ಹತ್ತು ಗ್ರಾಂ ತೂಗಿ, ಅದರ ಜೊತೆಗಾರ ಹದಿನಾಲ್ಕು ಗ್ರಾಂ ತೂಗಿದರೆ ಅಂದು ನನಗೆ ಊಟ ಸೇರುವುದಿಲ್ಲ. ಇದನ್ನು ಕಾಯಿಲೆ ಎಂದು ಕರೆಯುವವರ ಮೇಲೆ ನನಗೆ ಸಿಟ್ಟಿಲ್ಲ. ಐವತ್ತು ದಾಟಿದ ಮೇಲೂ ಬೆನ್ನಿಗೆ ಚೀಲ ಬಿಗಿದು ಗುಡ್ಡ ಹತ್ತುವ ಚಟ ಬಿಡದ ಎಲ್ಲರ ಮನೆಯಲ್ಲೂ ಇಂಥದೊಂದು ತಕ್ಕಡಿ ಇರುತ್ತದೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ತೂಕ ಇಳಿಯಲಿ ಎಂದು ಅರ್ಧಕ್ಕೆ ಗರಗಸ ಹಾಕಿ ಕತ್ತರಿಸಿದವರನ್ನು ಕಣ್ಣಾರೆ ಕಂಡಿದ್ದೇನೆ. ಆ ಮಹಾನುಭಾವರು ಅದೇ ಬೆಳಗ್ಗೆ ಎರಡು ಪ್ಲೇಟು ಇಡ್ಲಿ-ವಡೆ, ಮೇಲೊಂದು ಮಸಾಲೆ ದೋಸೆ ಮುಗಿಸಿ ಹೊರಟಿದ್ದರು. ಹೊಟ್ಟೆಯೊಳಗಿನ ತೂಕವನ್ನು ಈ ಶಾಸ್ತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸದ್ಯ ತಕ್ಕಡಿಯ ಮುಂದೆ ಇರುವ ಖಟ್ಲೆ ಡೇರೆಯದು. ಹಳೆಯ ಡೇರೆ ಕೊನೆಯುಸಿರೆಳೆದಿದೆ. ನೀರು ಒಳಬರದಂತೆ ಬಟ್ಟೆಗೆ ಬಳಿದಿರುವ ಪಾಲಿಯುರಿಥೇನ್ ಲೇಪ ಸೆಖೆಗೂ ತೇವಕ್ಕೂ ಕಾಲಕ್ರಮದಲ್ಲಿ ಒಡೆಯುತ್ತದೆ; ಹೈದರಾಬಾದಿನ ಫ್ಲ್ಯಾಟಿನ ಅಟ್ಟದಲ್ಲಿ ಎರಡಕ್ಕೂ ಬರವಿಲ್ಲ. ಮೊದಲು ಬಟ್ಟೆ ಕೈಗೆ ಅಂಟುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ, ಕೊನೆಗೆ ಚೀಲ ಬಿಚ್ಚಿದ ತಕ್ಷಣ ಹಸುಗೂಸು ಹಾಲು ಕಕ್ಕಿದ ವಾಸನೆ ಮನೆಯೆಲ್ಲ ಹಬ್ಬುತ್ತದೆ. ಹೆಂಡತಿ ಮೂಗು ಮುಚ್ಚಿಕೊಂಡು ಒಂದೇ ಮಾತು ಹೇಳಿದಳು: “ಇದು ಮನ್ಯಾಗ ಇರಬೇಕು, ಇಲ್ಲಾ ನಾ ಇರಬೇಕು.” ಡೇರೆ ಹೋಯಿತು.

ಹೊಸದಕ್ಕೆ ನನ್ನ ಬೇಡಿಕೆ ಎರಡೇ. ಹಗುರವಾಗಿರಬೇಕು. ಒಳಗೆ ಧಾರಾಳ ಜಾಗವಿರಬೇಕು. ಇವೆರಡೂ ಒಂದೇ ಮನೆಯಲ್ಲಿ ಸಂಸಾರ ಮಾಡುವುದಿಲ್ಲ ಎಂಬುದು ಈ ದಾರಿಯಲ್ಲಿ ಸವೆದ ಎಲ್ಲರಿಗೂ ಗೊತ್ತು. ಜಾಗ ಎಂದರೆ ಬಟ್ಟೆ, ಬಟ್ಟೆ ಎಂದರೆ ತೂಕ. ಆದರೆ ಇಪ್ಪತ್ತನೆಯ ವಯಸ್ಸಿನಲ್ಲಿ ನಾವು ಎರಡನ್ನೂ ಕೇಳಿರಲಿಲ್ಲ ಎಂಬುದೇ ವಿಚಿತ್ರ. ಆಗ ನಮಗೆ ಡೇರೆ ಎಂದರೆ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಕ್ಯಾಂಪಿನ ದಪ್ಪ ಬಟ್ಟೆಯ ಡೇರೆ. ಒದ್ದೆಯಾದರೆ ಇಬ್ಬರು ಹೊತ್ತರೂ ಜಗ್ಗದು. ಒಂದರೊಳಗೆ ಸಾಲಾಗಿ ಹತ್ತಾರು ಮಂದಿ. ಒಬ್ಬ ಮಗ್ಗುಲು ಬದಲಿಸಿದರೆ ಆ ತುದಿಯವರೆಗೂ ಎಲ್ಲರೂ ಮಗ್ಗುಲು ಬದಲಿಸಬೇಕು. ಯಾರ ಮೊಣಕೈ ಯಾರ ಪಕ್ಕೆಲುಬಿಗೆ ಎಂಬ ವಿಚಾರಣೆ ಬೆಳಗಿನ ಚಹಾದ ಹೊತ್ತಿಗೆ. ಆದರೂ ಬಿದ್ದ ತಕ್ಷಣ ನಿದ್ದೆ. ಈಗ ಮಂಡಿ ತೂಕ ಬೇಡ ಎನ್ನುತ್ತದೆ, ಬೆನ್ನು ಜಾಗ ಬೇಕು ಎನ್ನುತ್ತದೆ. ಇಬ್ಬರ ಮಾತನ್ನೂ ನಡೆಸಿಕೊಡಲು ಕಿಸೆ ಒಪ್ಪುವುದಿಲ್ಲ.

ಡೇರೆಯ ಮೇಲೆ ‘ಇಬ್ಬರಿಗೆ’ ಎಂದು ಬರೆದಿರುತ್ತದಲ್ಲ, ಆ ಇಬ್ಬರು ಯಾರು ಎಂಬುದು ನನಗೆ ಬಹುದಿನ ಕಾಡಿದ ಪ್ರಶ್ನೆ. ತಯಾರಕರ ಲೆಕ್ಕದಲ್ಲಿ ಮನುಷ್ಯನೆಂದರೆ 20 ಇಂಚು ಅಗಲದ ಪ್ರಾಣಿ. ಮಲಗುವ ಚಾಪೆಯ ಸಾಮಾನ್ಯ ಅಗಲ ಅಷ್ಟು. ಎರಡು ಹಾಸಿದರೆ 40 ಇಂಚು. ಹಗುರ ಡೇರೆಗಳಲ್ಲಿ ಹೆಸರಾಂತ ಬಿಗ್ ಆಗ್ನೆಸ್ ಕಂಪನಿಯ ಕಾಪರ್ ಸ್ಪರ್ ಎಂಬ ಇಬ್ಬರ ಡೇರೆ ತಲೆಯ ಕಡೆ 52 ಇಂಚು, ಕಾಲ ಕಡೆ 42. ಎಂದರೆ ತಲೆಯ ಕಡೆ ಒಂದಡಿ ಜಾಗ ಉಳಿದರೆ ಕಾಲ ಕಡೆ ಉಳಿಯುವುದು ಮೂರು ಬೆರಳು. ಎತ್ತರ 40 ಇಂಚು. ಕೂತರೆ ಮಾತ್ರ ತಲೆ ತಗುಲುವುದಿಲ್ಲ. ತೂಕ ಒಂದೂವರೆ ಕಿಲೋಗೆ ಸ್ವಲ್ಪ ಕಡಿಮೆ. ಇದು ಇದ್ದುದರಲ್ಲಿ ವಿಶಾಲವಾದದ್ದು ಎಂದು ಹೊಗಳಿಸಿಕೊಂಡ ಡೇರೆ! ಬಿರಿಯಾನಿಯ ಊರಿನಲ್ಲಿ ಮೂವತ್ತು ವರ್ಷ ಬಾಳಿದ ನಾನೂ ನನ್ನ ಗೆಳೆಯನೂ ಈ 20 ಇಂಚಿನ ಲೆಕ್ಕದೊಳಗೆ ಬೀಳುವುದಿಲ್ಲ.

ತೂಕದ ಲೆಕ್ಕದಲ್ಲೂ ಕೈಚಳಕ ಇದೆ. ಒಂದು ಡೇರೆಗೆ ಎರಡು ತೂಕ: ಹೊರಬಟ್ಟೆ, ಒಳಬಟ್ಟೆ, ಕಡ್ಡಿಗಳು ಸೇರಿದ್ದು ಒಂದು, ಗೂಟ, ಹಗ್ಗ, ಕಟ್ಟುವ ಚೀಲ ಎಲ್ಲ ಕೂಡಿದ್ದು ಇನ್ನೊಂದು. ದಪ್ಪ ಅಕ್ಷರದಲ್ಲಿ ಅಚ್ಚಾಗುವುದು ಮೊದಲನೆಯದು. ಗೂಟವಿಲ್ಲದೆ ಡೇರೆ ಹೇಗೆ ನಿಲ್ಲುತ್ತದೆ ಎಂದು ಕೇಳಬಾರದು. ಸೈಟಿನ ಬೆಲೆ ಹೇಳಿ, ನೋಂದಣಿ ಖರ್ಚನ್ನು ಆಮೇಲೆ ಮೆಲ್ಲಗೆ ಹೇಳುವವರ ಊರಿನಲ್ಲಿ ಬೆಳೆದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ಹೈದರಾಬಾದಿನಲ್ಲಿ ಡೇರೆಯ ಕತೆ ಶುರುಮಾಡಿದರೆ ಗೋಲ್ಕೊಂಡದ ಕೆಳಗೆ ಹಾಯದೆ ಮುಂದೆ ಹೋಗಲಾಗುವುದಿಲ್ಲ. ಕೋಟೆಯ ಮೇಲಿನ ಬಾರಾದರಿಯಲ್ಲಿ ನಿಂತು ಸುತ್ತ ನೋಡಿದಾಗೆಲ್ಲ ನನಗೆ ಕಾಣುವುದು ಅಪಾರ್ಟ್‌ಮೆಂಟುಗಳಲ್ಲ, 1687ರ ಡೇರೆಗಳು. ಔರಂಗಜೇಬನ ಸೈನ್ಯ ಎಂಟು ತಿಂಗಳು ಈ ಬಯಲಲ್ಲಿ ಬೀಡುಬಿಟ್ಟಿತ್ತು. ಮಳೆಗಾಲ ಹಿಡಿದು ಹೊಳೆ ತುಂಬಿತು, ಕಾಳು ಮುಗಿಯಿತು, ರೋಗ ಬಂತು. ಕೋಟೆ ಬಿದ್ದದ್ದು ತೋಪಿನಿಂದಲ್ಲ. ಸೆಪ್ಟೆಂಬರಿನ ಒಂದು ರಾತ್ರಿ ದುಡ್ಡು ತಿಂದವನೊಬ್ಬ ಒಳಗಿನಿಂದ ಬಾಗಿಲು ತೆಗೆದ. ಆ ಎಂಟು ತಿಂಗಳಲ್ಲಿ ಒದ್ದೆ ಡೇರೆ ಒಣಗಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡವರ ಬಗ್ಗೆ ಚರಿತ್ರೆಕಾರರು ಬರೆಯುವುದಿಲ್ಲ. ನನ್ನ ಮನಸ್ಸು ಮಾತ್ರ ಅಲ್ಲೇ ನಿಲ್ಲುತ್ತದೆ.

ಹಗುರವೂ ವಿಶಾಲವೂ ಆದ ಡೇರೆಯ ಸಮಸ್ಯೆಯನ್ನು ಮೊಗಲರು ಬಗೆಹರಿಸಿದ ರೀತಿ ಬಹಳ ಸುಲಭದ್ದು: ಹೊರುವವನು ತಾನಲ್ಲ. ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ಯಲ್ಲಿ ಅಬುಲ್ ಫಜಲ್ ಕೊಟ್ಟ ಲೆಕ್ಕ ನೋಡಿ. ಬಾದಶಹನ ಒಂದು ಬಿಡಾರ ಸಾಗಿಸಲು 100 ಆನೆ, 500 ಒಂಟೆ, 400 ಗಾಡಿ, ಮೇಲೆ 100 ಹಮಾಲರು. ಡೇರೆ ಹೊಡೆದು ಜಮಖಾನೆ ಹಾಸುವ ಫರ್ರಾಶರೇ ಸಾವಿರ. ಡೇರೆಗಳು ಎರಡು ಜೊತೆ. ಬಾದಶಹ ಇವತ್ತಿನ ಡೇರೆಯಲ್ಲಿ ಮಲಗಿದ್ದಾಗಲೇ ನಾಳೆಯದು ಮುಂದಿನ ಮುಕ್ಕಾಮಿಗೆ ಹೊರಟಿರಬೇಕು. ಆತ ತಲುಪುವಷ್ಟರಲ್ಲಿ ಎದ್ದು ನಿಂತಿರಬೇಕು. ಇದಕ್ಕೆ ಪೇಶ್‌ಖಾನಾ ಎಂದು ಹೆಸರು. ಮಳೆಯಲ್ಲಿ ನೆನೆಯುತ್ತ, ಹಲ್ಲಿನಲ್ಲಿ ಹಗ್ಗ ಕಚ್ಚಿಕೊಂಡು, ಮೊಬೈಲಿನ ಬೆಳಕಿನಲ್ಲಿ ಗೂಟ ಹುಡುಕಿದ ಅನುಭವ ಇರುವ ಯಾರಿಗಾದರೂ ಆ ಮೂರಕ್ಷರದ ಮೇಲೆ ಅಸೂಯೆ ಹುಟ್ಟದಿರದು.

ನಮ್ಮ ಬಾಗಲಕೋಟೆ ಕಡೆಯ ಗಲಗಲಿಗೂ ಈ ಡೇರೆಗಳು ಬಂದಿದ್ದವು. ಕೃಷ್ಣೆಯ ದಂಡೆಯ ಆ ಬೀಡಿನಲ್ಲೇ 1695ರಲ್ಲಿ ಜೆಮೆಲ್ಲಿ ಕರೇರಿ ಎಂಬ ನೇಪಲ್ಸಿನ ವಕೀಲ ಔರಂಗಜೇಬನನ್ನು ಕಂಡದ್ದು. ಬೀಡಿನ ಸುತ್ತಳತೆ ಮೂವತ್ತು ಮೈಲಿ ಎಂದು ಅವನು ಬರೆದಿಟ್ಟ. ಬೀಡಿನೊಳಗೆ ಬಜಾರು, ಆನೆ, ಜನಾನಾ, ಸಮಸ್ತವೂ ಇತ್ತು. ದೆಹಲಿ ಬಿಟ್ಟು ದಖ್ಖನ್ನಿಗೆ ಬಂದ ಬಾದಶಹ ಬದುಕಿನ ಕೊನೆಯ ಕಾಲು ಶತಮಾನವನ್ನು ಹೀಗೇ ಡೇರೆಯಿಂದ ಡೇರೆಗೆ ಓಡಾಡುತ್ತ ಕಳೆದು, 1707ರಲ್ಲಿ ಅಹಮದ್‌ನಗರದ ಬೀಡಿನಲ್ಲಿ ತೀರಿಕೊಂಡ. ಅಷ್ಟು ಜಾಗವಿದ್ದ ಮನುಷ್ಯನಿಗೆ ಡೇರೆಯೊಳಗೆ ಮಾತಾಡಲು ಯಾರಿದ್ದರು ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಇರಲಿ, ಅದು ಅವನ ಪಾಡು.

ಮೊಗಲರ ಆ ಸೈನ್ಯಗಳಿಗೆ ಎತ್ತಿನ ಮೇಲೆ ಕಾಳು ಹೇರಿ ತಂದವರು ಲಂಬಾಣಿಗಳು, ಎಂದರೆ ಬಂಜಾರರು. ಹೇರಿಳಿಸಿದ ಚೀಲಗಳನ್ನು ಒಟ್ಟಿದರೆ ಅದೇ ಗೋಡೆ, ಮೇಲೊಂದು ಬಟ್ಟೆ ಎಳೆದರೆ ಸೂರು. ಸಾಮಾನೇ ಮನೆಯಾದ ಮೇಲೆ ಡೇರೆಗೆಂದು ಬೇರೆ ತೂಕವೆಲ್ಲಿ? ನನ್ನ ಪ್ರಕಾರ ಈ ಶಾಸ್ತ್ರದ ನಿಜವಾದ ಆಚಾರ್ಯರು ಅವರು. ಅವರ ಹೆಸರು ಹೊತ್ತ ಬಂಜಾರಾ ಹಿಲ್ಸ್‌ನಲ್ಲಿ ಇವತ್ತು ಒಂದು ಡೇರೆ ಹೊಡೆಯುವಷ್ಟು ಖಾಲಿ ನೆಲ ಸಿಕ್ಕರೆ ಅದರ ಬೆಲೆ ನನ್ನ ಏಳು ತಲೆಮಾರಿಗೂ ತೀರದು.

ನೆಲದ ಮಾತು ಬಂತು, ಹೇಳಿಬಿಡುತ್ತೇನೆ. ಹೈದರಾಬಾದಿನ ಸುತ್ತ ಸಿಗುವುದು ನೆಲವಲ್ಲ, ಬಂಡೆ. ಖಾಜಾಗುಡ ಇರಲಿ, ಭುವನಗಿರಿ ಕೋಟೆಯ ಗುಡ್ಡ ಇರಲಿ, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ಇದೇ ಭುವನಗಿರಿಯ ಬಂಡೆಯ ಮೇಲೆ ಹತ್ತಲು ಕಲಿತ ಮಾಲಾವತ್ ಪೂರ್ಣಾ 2014ರ ಮೇ 25ರಂದು, ಇನ್ನೂ ಹದಿನಾಲ್ಕು ತುಂಬುವ ಮೊದಲೇ, ಎವರೆಸ್ಟಿನ ತುದಿ ಮುಟ್ಟಿ ಬಂದಳು. ಲಂಬಾಣಿ ಹುಡುಗಿ ಎಂಬುದನ್ನು ಬಿಟ್ಟುಬಿಡಬಾರದು. ಬಂಡೆ ಹತ್ತುವವರಿಗೆ ಈ ಗ್ರಾನೈಟು ಗುರು. ಡೇರೆ ಹೊಡೆಯುವವರಿಗೆ ಶತ್ರು. ಈಗಿನ ಅತಿ ಹಗುರದ ಡೇರೆಗಳಿಗೆ ತಮ್ಮದೇ ಬೆನ್ನೆಲುಬಿಲ್ಲ. ನಾವು ನಡೆಯಲು ಹಿಡಿಯುವ ಕೋಲನ್ನೇ ಕಂಬ ಮಾಡಿಕೊಂಡು, ನಾಲ್ಕೂ ಮೂಲೆಗೆ ಗೂಟ ಹೊಡೆದು ಬಿಗಿದರೆ ಮಾತ್ರ ನಿಲ್ಲುತ್ತವೆ. ಹುಲ್ಲುಗಾವಲಿನಲ್ಲಿ ಬಹಳ ಚೆಂದ. ಇಲ್ಲಿ ಟೈಟೇನಿಯಂ ಗೂಟ ಒಂದು ಏಟಿಗೆ ಬಾಗಿ ನಮಸ್ಕಾರ ಮಾಡುತ್ತದೆ. ಆಮೇಲೆ ಕಲ್ಲು ಹೊತ್ತು ತಂದು ಹಗ್ಗಕ್ಕೆ ಕಟ್ಟಬೇಕು. ಮನೆಯಲ್ಲಿ ಗ್ರಾಂ ಲೆಕ್ಕ ಹಾಕಿ ಬಂದವನು ಇಲ್ಲಿ ಮಣಗಟ್ಟಲೆ ಕಲ್ಲು ಹೊರುತ್ತಾನೆ.

ಕೋಲಿನ ಡೇರೆ ಇವತ್ತಿನ ಜಾಣತನ ಎಂದು ತಿಳಿದರೆ ತಪ್ಪು. 1895ರಲ್ಲಿ ನಂಗಾಪರ್ಬತ್‌ನಲ್ಲಿ ಕಣ್ಮರೆಯಾದ ಮಮ್ಮರಿ ಎಂಬ ಆಂಗ್ಲ ಆರೋಹಿ ಐಸ್ ಕೊಡಲಿಗಳನ್ನೇ ಕಂಬ ಮಾಡಿಕೊಳ್ಳುವ ಹಗುರದ ಡೇರೆ ಮಾಡಿಸಿಕೊಂಡಿದ್ದ. ಅವನಿಗಿಂತ ಮೊದಲು, 1865ರಲ್ಲಿ ಮ್ಯಾಟರ್‌ಹಾರ್ನ್ ಹತ್ತಿದ ವಿಂಪರ್ ಇಂಗ್ಲಿಷಿನ ಎ ಅಕ್ಷರದಂಥ ಡೇರೆಗೆ ತಳವನ್ನೂ ಸೇರಿಸಿ ಹೊಲಿಸಿದ್ದ. 1975ರಲ್ಲಿ ನಾರ್ತ್ ಫೇಸ್ ಕಂಪನಿ ಬಕ್‌ಮಿನ್‌ಸ್ಟರ್ ಫುಲ್ಲರನ ಗುಮ್ಮಟದ ಗಣಿತ ಹಿಡಿದು ಕಡ್ಡಿ ಬಾಗಿಸಿತು. ಬಾಗಿದ ಕಡ್ಡಿ ಗೋಡೆಯನ್ನು ನೆಟ್ಟಗೆ ನಿಲ್ಲಿಸುವುದರಿಂದ ಅಷ್ಟೇ ತಳದಲ್ಲಿ ಭುಜಕ್ಕೆ ಹೆಚ್ಚು ಜಾಗ. ಜಾಗವೆಂದರೆ ನೆಲದ ಅಳತೆಯಲ್ಲ, ಕೂತಾಗ ಭುಜದ ಬಳಿ ಎಷ್ಟು ಉಳಿಯಿತು ಎಂಬುದು. ಹೊಸಬರು ಉದ್ದಗಲ ನೋಡಿ ಕೊಳ್ಳುತ್ತಾರೆ. ಹಳಬರು ಗೋಡೆ ಎಷ್ಟು ಓರೆ ಎಂದು ಕೇಳುತ್ತಾರೆ, ಯಾಕೆಂದರೆ ರಾತ್ರಿ ಉಸಿರಿನ ತೇವ ಗೋಡೆಗೆ ಕೂತು, ಬೆಳಗ್ಗೆ ಆ ಓರೆ ಗೋಡೆ ಮುಖಕ್ಕೆ ತಣ್ಣೀರು ಒರೆಸಿ ಎಬ್ಬಿಸಿದ ನೆನಪು ಅವರಿಗಿದೆ.

ಬಟ್ಟೆಯ ಪುರಾಣ ಉದ್ದ, ಚಿಕ್ಕದು ಮಾಡುತ್ತೇನೆ. ಒಂಬತ್ತು ಸಾವಿರ ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಈಗಿನ ಹಗುರ ಡೇರೆಗಳು ಹೆಚ್ಚಾಗಿ 15-20 ಡೆನಿಯರಿನವು. ಅಂಗೈ ಮೇಲೆ ಹಾಸಿದರೆ ರೇಖೆ ಕಾಣುತ್ತದೆ. ಸಿಲಿಕೋನ್ ಬಳಿದ ನೈಲಾನು ಮಳೆಗೆ ಹಿಗ್ಗಿ ಜೋಲುತ್ತದೆ, ಮಧ್ಯರಾತ್ರಿ ಎದ್ದು ಹಗ್ಗ ಬಿಗಿಯಬೇಕು. ಪಾಲಿಯೆಸ್ಟರು ಅಷ್ಟು ಜೋಲುವುದಿಲ್ಲ. ಎಲ್ಲಕ್ಕಿಂತ ಹಗುರ ಡೈನೀಮಾ ಎಳೆಯ ಬಟ್ಟೆ. ಹಾಯಿದೋಣಿಯ ಪಂದ್ಯಗಳಿಗೆ ಹಾಯಿ ಮಾಡಲು ಹುಟ್ಟಿದ್ದು. ಅದರಲ್ಲಿ ಮಾಡಿದ ಇಬ್ಬರ ಡೇರೆ ಅರ್ಧ ಕಿಲೋ ಚಿಲ್ಲರೆಗೇ ಮುಗಿಯುತ್ತದೆ. ಬೆಲೆ ಕೇಳಿದ ಮೇಲೆ ನಮ್ಮಲ್ಲಿ ಹಗುರವಾಗುವುದು ಬೇರೆಯದೇ.

ಇದಕ್ಕಿಂತ ಒಳ್ಳೆಯ ಬಟ್ಟೆ ನಾನು ಕಂಡದ್ದು ಚಿಂಚೋಳಿಯ ಗುಡ್ಡದ ಕಡೆ. ಹೈದರಾಬಾದಿನಿಂದ ವಿಕಾರಾಬಾದ್ ದಾಟಿ, ಮೂಸಿ ಹುಟ್ಟುವ ಅನಂತಗಿರಿಯನ್ನು ಹಿಂದೆ ಹಾಕಿ, ತಾಂಡೂರಿನ ಕಲ್ಲುಗಣಿಗಳನ್ನು ಬಿಟ್ಟು ಮುಂದೆ ಬಂದರೆ ತೆಲುಗು ಮೆಲ್ಲಗೆ ಕನ್ನಡವಾಗುತ್ತದೆ. ಚಂದ್ರಂಪಳ್ಳಿ ಕೆರೆಯ ಹತ್ತಿರದ ಹೊಲವೊಂದರಲ್ಲಿ, ಹೊಲದವರನ್ನು ಕೇಳಿಯೇ, ಡೇರೆ ಹೊಡೆದಿದ್ದೆ. ಕರಿ ಕುರಿಗಳ ಹಿಂಡು ತರುಬಿದ ಕುರುಬರ ಮುದುಕಪ್ಪ ಬಂದು ಸುತ್ತು ಹಾಕಿ ನೋಡಿದ. ಹೆಗಲ ಮೇಲೆ ಕಂಬಳಿ. ಈ ಕರಿ ಉಣ್ಣೆಯ ಕಂಬಳಿಗೆ ಹುಣಸೆಬೀಜದ ಸರಿ ಹಚ್ಚಿ ಗಟ್ಟಿ ಮಾಡುತ್ತಾರೆ, ಮಳೆ ಬಂದರೆ ಕೊಪ್ಪೆ ಹಾಕಿ ಕೂತರೆ ಸಾಕು. ಹಾಸಲಿಕ್ಕೆ, ಹೊದೆಯಲಿಕ್ಕೆ, ಮರಿ ಕಟ್ಟಿ ಹೊರಲಿಕ್ಕೆ, ಎಲ್ಲಕ್ಕೂ ಅದೊಂದೇ. ಹೊಲಿಗೆಯಿಲ್ಲ, ಜಿಪ್ಪಿಲ್ಲ.

“ಏನಪಾ ಇದು?” ಅಂದ.

“ಮನಿ ಕಾಕಾ.”

ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದ. “ಎಷ್ಟ್ ಕೊಟ್ಟಿ?”

ನಿಜ ಬೆಲೆಯ ಅರ್ಧ ಹೇಳಿದೆ. ಹೆಂಡತಿಗೆ ಹೇಳಿದ್ದೂ ಅಷ್ಟೇ, ಲೆಕ್ಕ ಎಲ್ಲೆಡೆ ಒಂದೇ ಇರಲಿ ಎಂದು.

“ಅಷ್ಟಕ್ಕ ಎರಡು ಛಲೋ ಕುರಿ ಬರ್ತಾವ,” ಅಂದವನು ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಜವಾಗಿಯೂ ತಿಳಿದುಕೊಳ್ಳುವ ದನಿಯಲ್ಲಿ ಕೇಳಿದ: “ಇದು ಮರಿ ಹಾಕ್ತದೇನು?”

ಉತ್ತರ ಇರಲಿಲ್ಲ. ಒಳಗೆ ಇಣುಕಿದ. ಒಬ್ಬನ ಹಾಸಿಗೆ, ಪಕ್ಕದಲ್ಲಿ ಅಷ್ಟೇ ಖಾಲಿ ಜಾಗ. “ಇನ್ನೊಬ್ಬ ಎಲ್ಲಿ?” ಅಂದ.

ಆ ಇನ್ನೊಬ್ಬನ ವಿಷಯ ಹೇಳಬೇಕು. ನಾವು ಅವನನ್ನು ಮಾಸ್ತರ ಎಂದೇ ಕರೆಯುವುದು. ಕಾಚಿಗುಡದ ಓಣಿಯೊಂದರಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿ ಬದುಕು ಕಟ್ಟಿದವನು. ಮನೆಮಾತು ಕಲಬುರಗಿ ಕನ್ನಡ, ಸಿಟ್ಟು ಬಂದರೆ ಉರ್ದು, ಅಂಗಡಿಯಲ್ಲಿ ತೆಲುಗು. ಕರ್ನಾಟಕ ಸಾಹಿತ್ಯ ಮಂದಿರದ ಒಂದು ಕಾರ್ಯಕ್ರಮದಲ್ಲಿ, ಭಾಷಣ ಉದ್ದವಾಯಿತೆಂದು ಇಬ್ಬರೂ ಏಕಕಾಲಕ್ಕೆ ಚಹಾಕ್ಕೆ ಎದ್ದಾಗ ಆದ ಪರಿಚಯ ಅದು. ಆಮೇಲೆ ಕುಮಾರಪರ್ವತ, ಕೊಡಚಾದ್ರಿ, ನಲ್ಲಮಲದ ಕಾಡು, ಹಿಮಾಚಲ, ಎಲ್ಲಿ ಹೋದರೂ ಒಂದೇ ಡೇರೆ. ಹೊರೆ ಹಂಚಿಕೊಳ್ಳುವ ನಿಯಮ ಅವನೇ ಮಾಡಿದ್ದು: ಬಟ್ಟೆ ನನ್ನ ಚೀಲದಲ್ಲಿ, ಕಡ್ಡಿ-ಗೂಟ ಅವನ ಚೀಲದಲ್ಲಿ. ಜಗಳವಾಡಿ ಬೇರೆಬೇರೆ ದಾರಿ ಹಿಡಿದರೆ ಇಬ್ಬರಿಗೂ ಡೇರೆಯಿಲ್ಲ. ದಾಂಪತ್ಯಕ್ಕೂ ಇಂಥದೊಂದು ಕಲಮು ಇದ್ದಿದ್ದರೆ ಕೋರ್ಟುಗಳ ಹೊರೆ ಇಳಿಯುತ್ತಿತ್ತು ಎಂಬುದು ಅವನ ವಾದ.

ಹಗುರ-ವಿಶಾಲದ ಎಲ್ಲ ತರ್ಕವೂ ಕೊನೆಗೆ ಬಂದು ನಿಲ್ಲುವುದು ಬಾಗಿಲಿನ ಹತ್ತಿರ. ಇದನ್ನು ಯಾವ ಅಂಗಡಿಯವನೂ ಬಿಡಿಸಿ ಹೇಳುವುದಿಲ್ಲ. ಒಂದೇ ಬಾಗಿಲಿದ್ದರೆ ಒಂದು ಜಿಪ್ಪಿನ ತೂಕ ಉಳಿಯುತ್ತದೆ, ಸರಿ. ಆದರೆ ಐವತ್ತು ದಾಟಿದ ಗಂಡಸು ರಾತ್ರಿ ಏಳದೆ ಇರುವುದಿಲ್ಲ. ಒಂದೇ ಬಾಗಿಲ ಡೇರೆಯಲ್ಲಿ ಒಳಗಿನವನು ಹೊರಗೆ ಹೋಗಬೇಕಾದರೆ ಬಾಗಿಲ ಕಡೆಯವನ ಮೇಲೆ ಹಾಯಬೇಕು. ಕತ್ತಲಲ್ಲಿ ಮಂಡಿ ಎಲ್ಲಿ ಊರುತ್ತದೆ ಎಂಬುದು ದೈವೇಚ್ಛೆ. ಹೋಗಿ ಬರುವಾಗ ಮತ್ತೊಮ್ಮೆ. ಅಷ್ಟರಲ್ಲಿ ಎದ್ದವನಿಗೂ ಹೋಗಬೇಕೆನಿಸುತ್ತದೆ. ಗೆಳೆತನಗಳು ಶಿಖರದ ಮೇಲೆ ಮುರಿಯುವುದಿಲ್ಲ, ರಾತ್ರಿ ಎರಡೂವರೆಗೆ ಮುರಿಯುತ್ತವೆ. ಅದಕ್ಕೇ ಅನುಭವಸ್ಥರು ಎರಡು ಬಾಗಿಲು, ಎರಡು ಕಡೆ ಚೀಲ-ಬೂಟು ಇಡುವ ಪಡಸಾಲೆ ಇರುವ ಡೇರೆ ಬಿಟ್ಟು ಬೇರೆ ಮುಟ್ಟುವುದಿಲ್ಲ. ನೂರು ಗ್ರಾಂ ಹೆಚ್ಚಾದರೂ ಆಗಲಿ, ಅವರವರ ಬಾಗಿಲು ಅವರವರಿಗೆ.

ಈಗ ಮಾಸ್ತರ ಬರುವುದಿಲ್ಲ. ಎರಡೂ ಮಂಡಿ ಬದಲಿಸಿಕೊಂಡಿದ್ದಾನೆ. ನೆಲದ ಮೇಲೆ ಕೂರಬಾರದು, ಕುಕ್ಕರಗಾಲಲ್ಲಿ ಅಂತೂ ಕೂಡದು ಎಂದು ಡಾಕ್ಟರು ಹೇಳಿದ್ದಾರೆ. 40 ಇಂಚಿನ ಡೇರೆಯೊಳಗೆ ನುಗ್ಗುವುದು ಎಂದರೆ ಅವೆರಡೂ ಕೆಲಸ ಒಟ್ಟಿಗೇ. ತಮಾಷೆಗೆ ಅವನು ಹೇಳಿಕೊಳ್ಳುವುದು: “ನನ್ನ ತೂಕದಾಗ ಈಗ ಟೈಟೇನಿಯಂ ಸೇರ್ಯಾದ, ನಾ ಅಲ್ಟ್ರಾಲೈಟ್ ಆಗೀನಿ.” ಅವನು ಬರುವುದಿಲ್ಲವೆಂದ ಮೇಲೆ ನನಗೆ ಒಬ್ಬರ ಡೇರೆ ಸಾಕಿತ್ತು. ಅದರ ತೂಕ ಕಡಿಮೆ, ಬೆಲೆ ಕಡಿಮೆ. ಒಮ್ಮೆ ಬಾಡಿಗೆಗೆ ತಂದು ಮಲಗಿಯೂ ನೋಡಿದೆ. ಎಲ್ಲ ಅಳತೆಯೂ ಸರಿಯಾಗಿತ್ತು. ರಾತ್ರಿ ಮಳೆ ಶುರುವಾದಾಗ “ಹೊರಗೆ ಬೂಟು ಅವೇನು?” ಎಂದು ಕೇಳಿ, ಉತ್ತರ ಬರುವುದಿಲ್ಲ ಎಂದು ತಿಳಿದು ನಾನೇ ಎದ್ದು ನೋಡಿದೆ. ಮರುದಿನ ಮತ್ತೆ ಇಬ್ಬರ ಡೇರೆಗಳ ಪಟ್ಟಿ ತೆಗೆದೆ. ಜಾಗ ಬೇಕು ಎಂದು ಎಲ್ಲರಿಗೂ ಹೇಳಿದೆ. ಬೆನ್ನುನೋವಿನ ನೆಪ ಇದ್ದೇ ಇತ್ತು.

ಊರಿನಲ್ಲೇ ಸಿಗುತ್ತದೇನೋ ಎಂದು ಹುಡುಕಹೊರಟ ಹೆಂಡತಿಯ ತಮ್ಮ ನನ್ನನ್ನು ಹಳೆ ಊರಿನ ಟೆಂಟ್ ಹೌಸಿಗೆ ಕರೆದೊಯ್ದ ಪ್ರಸಂಗವನ್ನು ಹೇಳದಿದ್ದರೆ ಹೈದರಾಬಾದಿಗೆ ಅನ್ಯಾಯ. ಇಲ್ಲಿ ಓಣಿಗೊಂದು ಟೆಂಟ್ ಹೌಸ್. ಶಾಮಿಯಾನಾ, ಕುರ್ಚಿ, ಬಿರಿಯಾನಿಯ ದೇಗು, ಮದುಮಗನ ಸಿಂಹಾಸನ, ಎಲ್ಲ ಬಾಡಿಗೆಗೆ. ಗಲ್ಲಾದ ಮೇಲಿದ್ದ ಹಿರಿಯರು ಕೇಳಿದರು: “ಕಿತ್ತೇ ಆದ್ಮಿಯಾಂ?”

“ದೋ,” ಎಂದೆ.

ಲೇಖನಿ ನಿಂತಿತು. “ದೋ ಸೌ?”

“ನಕ್ಕೋ ಸಾಬ್, ದೋ ಆದ್ಮಿ. ಸೋನೇ ಕೂ.”

ಅವರು ಕನ್ನಡಕ ತೆಗೆದು ನನ್ನನ್ನೂ ಭಾವಮೈದುನನನ್ನೂ ನೋಡಿದರು. “ಕಾಯ್‌ಕೂ ಮಿಯಾ, ಘರ್ ಮೇ ಝಗಡಾ ಹೋಗಯಾ ಕ್ಯಾ?” ಎಂದು ಮರುಕದಿಂದ ಕೇಳಿ, ಹುಡುಗನಿಗೆ ಎರಡು ಚಹಾ ತರಲು ಹೇಳಿದರು. ಇರಾನಿ ಚಹಾ ಕುಡಿದು ಬಂದೆವು.

ಕೊನೆಗೆ ಡೇರೆ ಬಂದದ್ದು ಡಲ್ಲಾಸಿನಿಂದ. ಹೈದರಾಬಾದಿನ ಪ್ರತಿ ಮನೆಗೂ ಅಲ್ಲೊಬ್ಬ ಸಂಬಂಧಿಕ ಇದ್ದೇ ಇರುತ್ತಾನೆ. ನಮಗೆ ಅಕ್ಕನ ಮಗ. 23 ಕಿಲೋದ ಸೂಟ್‌ಕೇಸಿನಲ್ಲಿ ಇಲ್ಲಿಂದ ಗೊಂಗೂರ ಉಪ್ಪಿನಕಾಯಿ, ಶೇಂಗಾ ಹಿಂಡಿ ಹೋಗುತ್ತದೆ, ಅಲ್ಲಿಂದ ನಮ್ಮ ಹುಚ್ಚಿನ ಸಾಮಾನು ಬರುತ್ತದೆ. ಪೊಟ್ಟಣ ಕೈಗಿಟ್ಟು, “ಮಾಮಾ, ಇದು ಟೆಂಟೋ, ಕರ್ಚೀಫೋ?” ಎಂದ. ತಕ್ಕಡಿಗೆ ಹಾಕಿದೆ. ಕಂಪನಿ ಹೇಳಿದ್ದಕ್ಕಿಂತ ಅರವತ್ತು ಗ್ರಾಂ ಹೆಚ್ಚು. ಹೆಂಡತಿ ಹೇಳಿದಳು, “ಬ್ಯಾಟರಿ ಬದಲ್ ಮಾಡ್ರಿ.”

ಭಾನುವಾರ ಸಂಜೆ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಹೊಡೆದೆ. ಕಾಂಕ್ರೀಟಿಗೆ ಗೂಟ ಇಳಿಯುವುದಿಲ್ಲ. ವಾಚ್‌ಮನ್ ಇಪ್ಪತ್ತು ಲೀಟರಿನ ನೀರಿನ ಕ್ಯಾನುಗಳನ್ನು ತಂದು ಮೂಲೆಗಳಿಗೆ ಇಟ್ಟ. ಅಸೋಸಿಯೇಷನ್ನಿನ ಕಾರ್ಯದರ್ಶಿ ಮೇಲೆ ಬಂದು, ತಾರಸಿಯ ಮೇಲೆ ಕಟ್ಟಡ ಕಟ್ಟಲು ಅನುಮತಿಯಿಲ್ಲ ಎಂದರು. ಒಂದು ಕಡ್ಡಿ ತೆಗೆದು ತೋರಿಸಿದೆ, ಕಟ್ಟಡ ಅರ್ಧ ಕುಸಿಯಿತು. ಸಮಾಧಾನದಿಂದ ಇಳಿದು ಹೋದರು.

ಮಾಸ್ತರ ಲಿಫ್ಟಿನಲ್ಲಿ ಬಂದ, ಕೈಯಲ್ಲಿ ಕೋಲು. ನಡೆಯುವ ಕೋಲು ಕೂಡ ನಮ್ಮ ಹಳೆಯ ಟ್ರೆಕ್ಕಿಂಗ್ ಕೋಲೇ. ಪ್ಲಾಸ್ಟಿಕ್ ಕುರ್ಚಿಯನ್ನು ಡೇರೆಯ ಎಡಬಾಗಿಲ ಪಡಸಾಲೆಗೆ ಎಳೆದುಕೊಂಡು, ಗಲ್ಲವನ್ನು ಕೋಲಿನ ಮೇಲೆ ಊರಿ ಪರೀಕ್ಷೆ ಶುರುಮಾಡಿದ. ಹೊಲಿಗೆಗೆ ಟೇಪು ಹಚ್ಚಿದ್ದಾರೋ ಇಲ್ಲವೋ ಎಂದು ಬೆರಳಾಡಿಸಿದ. ಕಡ್ಡಿ ಕೊರಿಯಾದ ಡಿಎಸಿ ಕಂಪನಿಯದೇ ಎಂದು ಓದಿ ತಲೆಯಾಡಿಸಿದ. ಕೋಲಿನ ತುದಿಯಿಂದ ಒಳಗಿನ ಅಗಲ ಅಳೆದು, ತನ್ನ ಹಳೆಯ ಟ್ಯೂಷನ್ ದನಿಯಲ್ಲಿ ಫಲಿತಾಂಶ ಹೇಳಿದ: “ಐವತ್ತೆರಡು ಇಲ್ಲ, ಐವತ್ತೂವರಿ ಅದ. ಬಟ್ಟಿ ಒಳಗ ಬಂದದ, ನಿನ್ನ ಕ್ಯಾನು ಸರಿ ಇಟ್ಟಿಲ್ಲ.” ವಾಚ್‌ಮನ್ ಕ್ಯಾನು ಸರಿಸಿದ. ಐವತ್ತೊಂದೂಮುಕ್ಕಾಲು ಆಯಿತು.

“ಜಾಗ ಅದ,” ಎಂದು ಒಪ್ಪಿದ. ಆಮೇಲೆ ಕೇಳಿದ: “ನಂದು ಯಾವ ಕಡೆ?”

“ಯಾವಾಗಲೂ ಎಡಗಡೆ ಇತ್ತಲ್ಲ.”

ಜಿಪ್ಪು ಎರಡು ಸಲ ಎಳೆದು ನೋಡಿದ. ತಿರುವಿನಲ್ಲಿ ಬಟ್ಟೆ ಕಚ್ಚಿತು. “ಈ ಜಿಪ್ಪು ನಡ್ಯಾಂಗಿಲ್ಲ. ರಾತ್ರಿ ಹೊರಗ ಹೋಗೋದ್ರಾಗ ಕೆಲಸ ಕೆಡ್ತದ. ನಾ ಬಲಗಡೆ ತೊಗೋತೀನಿ.”

“ಬಲಗಡೆ ನಂದು.”

“ನೀ ಒಬ್ಬಾಂವನ ಹೋಗಾಂವ. ನಿನಗ ಯಾವ ಕಡೆ ಆದ್ರ ಏನು?”

“ಹಂಗಾದ್ರ ನಿನಗ ಯಾಕ ಬೇಕು ಬಲಗಡೆ?”

“ತತ್ವದ ಮಾತು ಅದು,” ಅಂದ ಮಾಸ್ತರ. ಜಿಪ್ಪಿಗೆ ಮೇಣದಬತ್ತಿ ತಿಕ್ಕಿದರೆ ಸರಿಹೋಗುತ್ತದೆ ಎಂದು ನಾನು, ಮೇಣಕ್ಕೆ ಧೂಳು ಅಂಟಿ ಇನ್ನಷ್ಟು ಕೆಡುತ್ತದೆ ಎಂದು ಅವನು. ಹಿಂದೊಮ್ಮೆ ನಲ್ಲಮಲದಲ್ಲಿ ಯಾರು ಯಾರ ಮೇಲೆ ಹಾದುಹೋದರು ಎಂಬ ಹಳೆಯ ಫೈಲೂ ಬಿಚ್ಚಿತು. ಅವನಿಗೆ ಎರಡು ಸಲ ಎಂದು ನೆನಪು, ನನಗೆ ಆರು ಸಲ ಎಂದು. ಕೆಳಗಿನ ಮನೆಗಳಿಗೆ ನೀರಿನ ಕ್ಯಾನು ಕೊಡಬೇಕು ಸಾರ್ ಎಂದು ವಾಚ್‌ಮನ್ ಮೂರನೆಯ ಬಾರಿ ಬಂದು ನಿಂತಾಗಲೂ ಮಾತು ಬಾಗಿಲಿನ ಹತ್ತಿರವೇ ಇತ್ತು.